ಬ್ಯಾಣದ ಒಂದೆಲೆ ಸೀತಾಳೆ

(ಮೇ ಕೊನೆಯ ಭಾನುವಾರ ಘಟ್ಟದ ಮೇಲಿನ ಒಂದು ಊರಿನ ಹೈಸ್ಕೂಲಿನಲ್ಲಿ ಆಡಿದ ಮಾತು ಇದು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಅಂದರು. ಅವತ್ತು ಹೇಳಲು ಮರೆತ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ. ಬ್ಯಾಣ ಅಂದರೆ ದನದ ಹುಲ್ಲಿಗೆಂದು ಬಿಟ್ಟುಕೊಂಡ ಹುಲ್ಲಿನ ನೆಲ.)

ಎಲ್ಲರಿಗೂ ನಮಸ್ಕಾರ.

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ಕೂತವರಲ್ಲಿ ಬ್ಯಾಣ ಇರುವವರು ಎಷ್ಟು ಜನ? ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿಯೇ ಇದ್ದೀರಿ. ಹಾಗಾದರೆ ಇನ್ನೊಂದು ಪ್ರಶ್ನೆ. ನಿಮ್ಮ ಬ್ಯಾಣದಲ್ಲಿ ಇವತ್ತು ಏನಿದೆ?

ಹಿಂದಿನ ಸಾಲಿನಿಂದ ಒಬ್ಬರು "ಏನೂ ಇಲ್ಲ, ಕಲ್ಲಿದೆ" ಅಂದರು. ಸರಿಯಾಗೇ ಹೇಳಿದ್ದಾರೆ. ಮೇ ತಿಂಗಳಲ್ಲಿ ಬ್ಯಾಣಕ್ಕೆ ಹೋದರೆ ಕಾಣುವುದು ಅದೇ. ಹುಲ್ಲು ಕೊಯ್ದು ಆಗಿದೆ. ಉಳಿದ ಕೂಳೆ ಒಣಗಿ ಬೂದು ಬಣ್ಣಕ್ಕೆ ತಿರುಗಿದೆ. ಅಲ್ಲಲ್ಲಿ ಬೆಂಕಿ ಬಿದ್ದ ಕಪ್ಪು ಕಲೆ. ಮಧ್ಯೆ ಮಧ್ಯೆ ಎದ್ದ ಕೆಂಪು ಕಲ್ಲು. ಮಧ್ಯಾಹ್ನ ಚಪ್ಪಲಿ ಬಿಟ್ಟು ಕಾಲಿಡಲು ಆಗುವುದಿಲ್ಲ. ದನವೂ ಅತ್ತ ಮುಖ ಹಾಕುವುದಿಲ್ಲ.

ನಾನು ಇವತ್ತು ಮಾತಾಡಬೇಕೆಂದಿರುವ ಗಿಡ ಈಗ ಅದೇ ಬ್ಯಾಣದಲ್ಲಿದೆ. ನಿಮ್ಮ ಪಾದದಿಂದ ನಾಲ್ಕು ಬೆರಳು ಕೆಳಗೆ. ಮಳೆಗೆ ಕಾಯುತ್ತಾ ಮಲಗಿದೆ. ಅದೊಂದು ಆರ್ಕಿಡ್.

ಆರ್ಕಿಡ್ ಅಂದ ಕೂಡಲೇ ನಮಗೆ ನೆನಪಾಗುವುದು ಮರದ ಮೇಲಿನದು. ಮಾವಿನ ಮರದ ಕವಲಿನಲ್ಲಿ, ಹಲಸಿನ ಮರದ ಕಾಂಡದಲ್ಲಿ ಬೇರು ಇಳಿಬಿಟ್ಟುಕೊಂಡು ಕೂತಿರುತ್ತದಲ್ಲ, ಅದು. ನಮ್ಮ ಕಡೆ ಸೀತಾಳೆ ದಂಡೆ ಅನ್ನುತ್ತೇವೆ. ಕೆಲವರು ದ್ರೌಪದಿ ಮಾಲೆ ಅನ್ನುತ್ತಾರೆ. ಈಗಲೇ ಅದು ಹೂಬಿಡುವ ಕಾಲ. ಬರುವಾಗ ದಾರಿಯಲ್ಲಿ ಒಂದು ಮರದಲ್ಲಿ ನೇತಾಡುವುದನ್ನು ನೋಡಿಕೊಂಡೇ ಬಂದೆ. ಅದರ ಚಂದ ಬೇರೆಯೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲರೂ ತಲೆಯೆತ್ತಿ ಅದನ್ನೇ ನೋಡುತ್ತಾರೆ. ನೆಲದಲ್ಲೂ ಆರ್ಕಿಡ್ ಇದೆ ಅಂದರೆ ಬಹಳ ಜನ ನಂಬುವುದಿಲ್ಲ. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆ 2019ರಲ್ಲಿ ನಮ್ಮ ದೇಶದ ಆರ್ಕಿಡ್‌ಗಳ ಪೂರ್ತಿ ಪಟ್ಟಿ ಹೊರತಂದಿತು. ಒಟ್ಟು 1,256 ಜಾತಿ. ಅದರಲ್ಲಿ 447 ನೆಲದಲ್ಲೇ ಬೆಳೆಯುವಂಥವು. ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ.

ಅವುಗಳಲ್ಲಿ ನಾನು ಆರಿಸಿಕೊಂಡದ್ದು ಒಂದೇ ಒಂದನ್ನು. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಹ್ಯಾಬಿನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್. ಗಿಡ ಒಂದು ಗೇಣಿಲ್ಲ, ಹೆಸರು ಮಾರುದ್ದ. 1932ರಲ್ಲಿ ಈ ಹೆಸರಿಟ್ಟವರು ಇಬ್ಬರು. ಒಬ್ಬರು ಎಥೆಲ್ಬರ್ಟ್ ಬ್ಲಾಟರ್, ಸ್ವಿಟ್ಜರ್ಲೆಂಡಿನಿಂದ ಬಂದು ಮುಂಬೈಯಲ್ಲಿ ಪಾಠ ಮಾಡುತ್ತಿದ್ದ ಜೆಸ್ಯುಯಿಟ್ ಪಾದ್ರಿ. ಇನ್ನೊಬ್ಬರು ಅವರ ಜೊತೆ ಕಾಡು ಸುತ್ತಿದ ಚಾರ್ಲ್ಸ್ ಮೆಕ್ಯಾನ್. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಹ್ಯಾಬಿನೇರಿಯಾ ಎಂಬ ಮಾತಿನ ಮೂಲ ಲ್ಯಾಟಿನ್. ಕುದುರೆಯ ಲಗಾಮಿನ ಪಟ್ಟಿ ಎಂಬ ಅರ್ಥ. ಹೂವಿನ ದಳ ಪಟ್ಟಿ ಪಟ್ಟಿಯಾಗಿ ಇಳಿದಿರುವುದಕ್ಕೆ ಆ ಹೆಸರು.

ಕನ್ನಡದಲ್ಲಿ ಇದಕ್ಕೆ ಒಂದು ಹೆಸರು ಸಿಗಬಹುದೇನೋ ಎಂದು ನಾನು ತುಂಬ ಜನರನ್ನು ಕೇಳಿದ್ದೇನೆ. ಸಿಕ್ಕಿಲ್ಲ. ಹಾಗಾಗಿ ಇವತ್ತಿನ ಮಟ್ಟಿಗೆ ನಾನೇ ಒಂದು ಹೆಸರು ಇಡುತ್ತೇನೆ. ಒಂದೆಲೆ ಸೀತಾಳೆ. ಏಕೆಂದರೆ ಇದಕ್ಕೆ ಇರುವುದು ಒಂದೇ ಎಲೆ. ಅಪರೂಪಕ್ಕೆ ಎರಡು. ತಂಬುಳಿ ಮಾಡುವ ಒಂದೆಲಗ ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ. ಒಂದೆಲಗ ನೀರಿರುವ ಕಡೆ ಹಬ್ಬುತ್ತಾ ಹೋಗುತ್ತದೆ. ಇದು ಹಬ್ಬುವುದಿಲ್ಲ. ಹುಟ್ಟಿದ ಕಡೆಯೇ ಕೂತಿರುತ್ತದೆ.

ಈಗ ಎಲೆಯನ್ನು ಹತ್ತಿರದಿಂದ ನೋಡೋಣ. ಮೃಗಶಿರ ಮಳೆ ಹಿಡಿದು ನಾಲ್ಕೈದು ದಿನ ಆದ ಮೇಲೆ ಬ್ಯಾಣಕ್ಕೆ ಹೋಗಿ, ಕುಕ್ಕರಗಾಲಲ್ಲಿ ಕೂತುಕೊಳ್ಳಿ. ನಿಂತು ನೋಡಿದರೆ ಕಾಣುವುದಿಲ್ಲ. ಹೊಸ ಹುಲ್ಲು ಆಗಷ್ಟೇ ಸೂಜಿಯ ಹಾಗೆ ಎದ್ದಿರುತ್ತದೆ. ಅದರ ಮಧ್ಯೆ ನಾಣ್ಯದಷ್ಟು ಅಗಲದ ಒಂದು ಎಲೆ ನೆಲಕ್ಕೆ ಅಂಟಿಕೊಂಡಿರುತ್ತದೆ. ಅಂಟಿಕೊಂಡಿದೆ ಅಂದರೆ ನಿಜವಾಗಿಯೂ ಅಂಟಿಕೊಂಡೇ ಇರುತ್ತದೆ, ಯಾರೋ ಇಸ್ತ್ರಿ ಹಾಕಿ ಮಲಗಿಸಿದ ಹಾಗೆ. ಆಕಾರ ಹೆಚ್ಚುಕಡಿಮೆ ವೀಳ್ಯದೆಲೆಯದು, ಇನ್ನಷ್ಟು ದುಂಡಗೆ. ಮುಟ್ಟಿದರೆ ಬಸಳೆ ಎಲೆಯ ಹಾಗೆ ದಪ್ಪ. ಕೆಲವು ದಿನ ಅಷ್ಟೇ. ಆಮೇಲೆ ಎಲೆಯ ನಡುವಿನಿಂದ ಒಂದು ದಂಟು ನೆಟ್ಟಗೆ ಏಳುತ್ತದೆ. ಆರಿದ್ರಾ ಮಳೆಯ ಹೊತ್ತಿಗೆ ತುದಿಯಲ್ಲಿ ಹೂವು. ಒಂದು, ಎರಡು, ಜಾಸ್ತಿ ಅಂದರೆ ನಾಲ್ಕು. ಅಚ್ಚ ಬಿಳಿ.

ಅಷ್ಟು ಸಣ್ಣ ಗಿಡಕ್ಕೆ ಅಷ್ಟು ದೊಡ್ಡ ಹೂವಾ ಅನ್ನಿಸುತ್ತದೆ. ಮೇಲಿನ ಎಸಳುಗಳು ಸೇರಿ ಒಂದು ಕೊಪ್ಪೆ ಮಾಡಿಕೊಂಡಿರುತ್ತವೆ. ಗದ್ದೆ ಕೆಲಸಕ್ಕೆ ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತೇವಲ್ಲ, ಹಾಗೆಯೇ. ಒಳಗಿರುವ ಪರಾಗ ಮಳೆಗೆ ನೆನೆಯುವುದಿಲ್ಲ. ಕೆಳಗಿನ ಎಸಳು ಮೂರು ಸೀಳಾಗಿ ಇಳಿದಿರುತ್ತದೆ. ಅದನ್ನು ತುಟಿ ಅನ್ನುತ್ತಾರೆ. ತುಟಿಯ ಹಿಂಬದಿಯಿಂದ ಒಂದು ಸಪೂರ ಕೊಳವೆ ಬಾಲದ ಹಾಗೆ ಕೆಳಕ್ಕೆ ಇಳಿಯುತ್ತದೆ. ಜೇನು ಇರುವುದು ಅದರ ತುದಿಯಲ್ಲಿ. ಒಂದು ಬೆಳಿಗ್ಗೆ ಮಳೆ ಬಿಟ್ಟು ಎಳೆಬಿಸಿಲು ಬಂದಾಗ ನಾನು ಮೊಣಕಾಲೂರಿ ಬೆಳಕಿಗೆ ಎದುರಾಗಿ ನೋಡಿದೆ. ಕೊಳವೆಯ ತುದಿಯಲ್ಲಿ ಜೇನು ನಿಂತಿದ್ದು ಕಾಣಿಸಿತು. ಥರ್ಮಾಮೀಟರಿನೊಳಗೆ ಪಾದರಸ ನಿಂತಿರುತ್ತದಲ್ಲ, ಥೇಟ್ ಹಾಗೆ.

ಇನ್ನೊಂದು ವಿಚಾರ. ಹೂವಿನ ಬುಡದಲ್ಲಿ, ಮುಂದೆ ಕಾಯಿ ಆಗುವ ಭಾಗವನ್ನು ಗಮನಿಸಿ. ದೀಪದ ಬತ್ತಿ ಹೊಸೆದ ಹಾಗೆ ತಿರುಚಿಕೊಂಡಿರುತ್ತದೆ. ಇದು ಸುಮ್ನೆ ಆದದ್ದಲ್ಲ. ಮೊಗ್ಗಿನಲ್ಲಿ ಈ ಹೂವಿನ ತುಟಿ ಮೇಲ್ಗಡೆ ಇರುತ್ತದೆ. ಅರಳುವ ಮೊದಲು ಹೂವು ಅರ್ಧ ಸುತ್ತು ತಿರುಗಿ ತುಟಿಯನ್ನು ಕೆಳಕ್ಕೆ ತರುತ್ತದೆ. ಬರುವ ಹುಳುವಿಗೆ ದಾರಿ ಸರಿಯಾಗಿ ಸಿಗಬೇಕಲ್ಲ, ಅದಕ್ಕೆ. ಬಹಳಷ್ಟು ಆರ್ಕಿಡ್‌ಗಳು ಹೀಗೆ ತಿರುಗುತ್ತವೆ. ಆದರೆ ಈ ಜಾತಿಯಲ್ಲಿ ಆ ತಿರುಚು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಹೂವಿಲ್ಲ.

ಬರುವ ಹುಳು ಯಾವುದು? ಬಿಳಿ ಬಣ್ಣ, ಉದ್ದ ಕೊಳವೆ, ತಳದಲ್ಲಿ ಜೇನು. ಹ್ಯಾಬಿನೇರಿಯಾ ಗುಂಪಿನ ಇಂಥ ಹೂವುಗಳಿಗೆ ಹೆಚ್ಚಾಗಿ ಬರುವುದು ಪತಂಗಗಳು. ಕತ್ತಲಾದ ಮೇಲೆ ಹಾರುವವು. ಕೆಂಪು ಹೂವು ಕತ್ತಲಲ್ಲಿ ಕಪ್ಪಾಗಿ ಮಾಯವಾಗುತ್ತದೆ, ಬಿಳಿಯದು ಉಳಿಯುತ್ತದೆ. ಪತಂಗ ತನ್ನ ಉದ್ದ ನಾಲಗೆಯನ್ನು ಕೊಳವೆಯೊಳಗೆ ಇಳಿಸುತ್ತದೆ. ಆಗ ಹೂವಿನ ಪರಾಗ ಅದರ ತಲೆಗೋ ನಾಲಗೆಗೋ ಅಂಟಿಕೊಳ್ಳುತ್ತದೆ. ದಾಸವಾಳದ ಹಾಗೆ ಪುಡಿಪುಡಿ ಪರಾಗ ಅಲ್ಲ ಇದು. ಎಲ್ಲ ಸೇರಿ ಒಂದು ಸಣ್ಣ ಗಂಟು, ಅದಕ್ಕೊಂದು ತೊಟ್ಟು, ತೊಟ್ಟಿನ ತುದಿಗೆ ಅಂಟು. ಒಂದು ಸಲಕ್ಕೆ ಇಡೀ ಗಂಟೇ ಹೋಗುತ್ತದೆ.

ಚಾರ್ಲ್ಸ್ ಡಾರ್ವಿನ್ ಹೆಸರು ನೀವೆಲ್ಲ ಕೇಳಿದ್ದೀರಿ. ಮಂಗನಿಂದ ಮಾನವ ಎಂಬ ಒಂದೇ ಮಾತಿಗೆ ಅವರನ್ನು ಕಟ್ಟಿಹಾಕಿದ್ದೇವೆ. ಅವರು 1862ರಲ್ಲಿ ಆರ್ಕಿಡ್ ಹೂವುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಅದರ ಮೊದಲ ಅಧ್ಯಾಯದಲ್ಲಿರುವುದು ಇಂಗ್ಲೆಂಡಿನ ಹುಲ್ಲುಗಾವಲಿನ ಒಂದು ನೆಲದ ಆರ್ಕಿಡ್, ನಮ್ಮ ಒಂದೆಲೆ ಸೀತಾಳೆಯ ದೂರದ ನೆಂಟ. ಡಾರ್ವಿನ್ ಅದರ ಹೂವಿನೊಳಗೆ ಚೂಪು ಮಾಡಿದ ಪೆನ್ಸಿಲ್ ತೂರಿಸಿ ಹೊರಗೆ ತೆಗೆದರು. ಪರಾಗದ ಗಂಟು ಪೆನ್ಸಿಲ್‌ಗೆ ಅಂಟಿ ನೆಟ್ಟಗೆ ನಿಂತಿತ್ತು. ಅರ್ಧ ನಿಮಿಷ ಕಾದರು. ಗಂಟು ತಾನಾಗಿಯೇ ಮುಂದಕ್ಕೆ ಬಾಗಿತು. ಈಗ ಅದೇ ಪೆನ್ಸಿಲನ್ನು ಇನ್ನೊಂದು ಹೂವಿಗೆ ತೂರಿಸಿದರೆ ಪರಾಗ ಸರಿಯಾಗಿ ಬೀಳಬೇಕಾದ ಜಾಗಕ್ಕೇ ಬೀಳುತ್ತಿತ್ತು. ಹುಳು ಒಂದು ಗಿಡದಿಂದ ಇನ್ನೊಂದು ಗಿಡಕ್ಕೆ ಹಾರಲು ಬೇಕಾಗುವಷ್ಟು ಸಮಯ ಆ ಬಾಗುವಿಕೆಗೆ ಬೇಕು. ಇದನ್ನು ಮೊದಲ ಸಲ ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೂವಿನ ಮಾತು ಸಾಕು. ನಾನು ಇಲ್ಲಿಗೆ ಬಂದದ್ದು ಮುಖ್ಯವಾಗಿ ಗೆಡ್ಡೆಯ ಬಗ್ಗೆ ಹೇಳಲು.

ಈ ಗಿಡ ಮೇಲೆ ಕಾಣುವುದು ವರ್ಷದಲ್ಲಿ ಮೂರ್ನಾಲ್ಕು ತಿಂಗಳು. ಜೂನ್‌ನಲ್ಲಿ ಎಲೆ, ಜೂನ್ ಕೊನೆ ಜುಲೈನಲ್ಲಿ ಹೂವು, ಆಮೇಲೆ ಕಾಯಿ. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಗಿ ಕರಗಿಹೋಗುತ್ತದೆ. ಉಳಿದ ಏಳೆಂಟು ತಿಂಗಳು ಮಣ್ಣಿನ ಒಳಗೆ. ಗೆಡ್ಡೆ ಶೇಂಗಾ ಬೀಜಕ್ಕಿಂತ ಸ್ವಲ್ಪ ದಪ್ಪ, ಅಷ್ಟೇ. ಮಳೆಗಾಲದಲ್ಲಿ ಬುಡದಲ್ಲಿ ಎರಡು ಗೆಡ್ಡೆ ಇರುತ್ತವೆ. ಒಂದು ಹೋದ ವರ್ಷದ್ದು, ಸುಕ್ಕಾಗಿ ಮೆತ್ತಗಾಗಿರುತ್ತದೆ. ಇನ್ನೊಂದು ಈ ವರ್ಷದ್ದು, ಬಿಳಿಯಾಗಿ ಗಟ್ಟಿಯಾಗಿರುತ್ತದೆ. ಹಳೆಯದು ತನ್ನಲ್ಲಿದ್ದದ್ದನ್ನೆಲ್ಲ ಎಲೆಗೂ ಹೂವಿಗೂ ಕೊಟ್ಟು ಮುಗಿಯುತ್ತದೆ. ಎಲೆ ದುಡಿದದ್ದೆಲ್ಲ ಹೊಸದಕ್ಕೆ ಹೋಗುತ್ತದೆ. ಆ ಒಂದೇ ಎಲೆ, ಮೋಡ ಮುಚ್ಚಿದ ಬೆಳಕಿನಲ್ಲಿ, ನೂರು ದಿನದೊಳಗೆ ಬರುವ ವರ್ಷದ ಪೂರ್ತಿ ಊಟ ಮಾಡಿಡಬೇಕು. ಎಲೆಯನ್ನು ಯಾರಾದರೂ ತುಳಿದರೆ, ಹರಿದರೆ ಮುಂದಿನ ವರ್ಷ ಹೂವಿಲ್ಲ. ಎಲ್ಲ ಗಿಡವೂ ಎಲ್ಲ ವರ್ಷ ಹೂಬಿಡುವುದೂ ಇಲ್ಲ. ಗೆಡ್ಡೆಗೆ ಬಲ ಸಾಲದಿದ್ದರೆ ಆ ವರ್ಷ ಬರೀ ಎಲೆ.

ಬೀಜದ ಕಥೆ ಇನ್ನೂ ಕಷ್ಟದ್ದು. ಒಂದು ಕಾಯಿಯಲ್ಲಿ ಸಾವಿರಗಟ್ಟಲೆ ಬೀಜ. ಉಫ್ ಅಂದರೆ ಹಾರುವಷ್ಟು ಹಗುರ, ಅರಿಶಿನ ಪುಡಿಗಿಂತ ನುಣುಪು. ಭತ್ತದ ಕಾಳಿನೊಳಗೆ ಅಕ್ಕಿ ಇದೆಯಲ್ಲ, ಮೊಳಕೆಗೆ ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಆರ್ಕಿಡ್ ಬೀಜದಲ್ಲಿ ಆ ಬುತ್ತಿಯೇ ಇಲ್ಲ. ಹಾಗಾದರೆ ಮೊಳೆಯುವುದು ಹೇಗೆ? 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಇದನ್ನು ಬಿಡಿಸಿದರು. ಆಗ ಅವರಿಗೆ 25 ವರ್ಷ. ಕಾಡಿನಲ್ಲಿ ಮಣ್ಣಿಗೆ ಬಿದ್ದಿದ್ದ ಒಂದು ಆರ್ಕಿಡ್ ಕಾಯಿಯೊಳಗೆ ಬೀಜ ಮೊಳೆತಿದ್ದು ಕಂಡಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಮೊಳಕೆಯ ಒಳಗೂ ಶಿಲೀಂಧ್ರದ ಎಳೆ. ಅಂದರೆ ಬೂಷ್ಟು, ಅಣಬೆಯ ಕುಟುಂಬದ್ದು. ಆ ಎಳೆ ಬೀಜದೊಳಗೆ ಹೊಕ್ಕು ಊಟ ತಂದುಕೊಟ್ಟರೆ ಮಾತ್ರ ಬೀಜ ಮೊಳೆಯುತ್ತದೆ. ಶಿಲೀಂಧ್ರ ಇಲ್ಲದ ಮಣ್ಣಿಗೆ ಲಕ್ಷ ಬೀಜ ಬಿದ್ದರೂ ಮಣ್ಣಿಗೆ ಮಣ್ಣು. ಮೊಳೆತ ಮೇಲೂ ಬೆಳಕಿಗೆ ಬರುವ ಮೊದಲು ಮಣ್ಣೊಳಗೇ ಬಹಳ ದಿನ ಕಳೆಯುತ್ತದೆ.

ಹಾಗಾಗಿ ಈ ಗಿಡ ಅಂದರೆ ಎಲೆ, ಹೂವು, ಗೆಡ್ಡೆ ಇಷ್ಟೇ ಅಲ್ಲ. ಆ ಮಣ್ಣಿನ ಶಿಲೀಂಧ್ರ ಅದರ ಅರ್ಧ. ರಾತ್ರಿ ಬರುವ ಪತಂಗ ಇನ್ನೊಂದಷ್ಟು. ಪತಂಗದ ಮರಿ ಹುಳು ಮೇಯಲು ಬೇಕಾದ ಬೇರೆ ಗಿಡಗಳು ಮತ್ತೊಂದಷ್ಟು. ಇಷ್ಟೂ ಒಂದೇ ಕಡೆ ಸಿಗುವ ಜಾಗವೇ ನಿಮ್ಮ ಬ್ಯಾಣ.

ಬ್ಯಾಣದ ನೆಲವನ್ನೂ ಸ್ವಲ್ಪ ನೋಡೋಣ. ಕೆಳಗೆ ಚಿರೇಕಲ್ಲು. ಕೆಲವರು ಮುರಕಲ್ಲು ಅನ್ನುತ್ತೀರಿ, ಕೆಲವರು ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800ರಲ್ಲಿ ಮೈಸೂರು, ಕೆನರಾ, ಮಲಬಾರ್ ಎಲ್ಲ ಸುತ್ತಿದ. ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಜನ ಅಗೆದು ಕಡಿದು ಇಟ್ಟಿಗೆ ಮಾಡುವುದನ್ನು ನೋಡಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥ ಬರುವಂತೆ ಲ್ಯಾಟರೈಟ್ ಅಂತ ಹೆಸರಿಟ್ಟ. 1807ರಲ್ಲಿ ಅದು ಪುಸ್ತಕದಲ್ಲಿ ಬಂತು. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲೂ ಇಟ್ಟಿಗೆ ಇದೆ, ಗಮನಿಸಿದ್ದೀರಾ? ಅವನು ನೋಡಿದ್ದನ್ನೇ ನಮ್ಮವರೂ ನೋಡಿದ್ದರು.

ಆ ಕಲ್ಲಿನ ಮೇಲೆ ಮಣ್ಣು ಇರುವುದು ಒಂದು ಚೋಟು, ಕೆಲವು ಕಡೆ ಅದೂ ಇಲ್ಲ. ಮಳೆಗಾಲದಲ್ಲಿ ನೀರು ನಿಂತು ಜವುಳು, ಬೇಸಿಗೆಯಲ್ಲಿ ಕಾದ ಕಾವಲಿ. ಸತ್ವವೂ ಕಡಿಮೆ. ದೊಡ್ಡ ಮರಗಳು ಬೇರು ಬಿಡಲು ಒದ್ದಾಡುವ ಇಂಥ ಜಾಗವೇ ಸಣ್ಣವರಿಗೆ ಅರಮನೆ. ಮೊದಲ ಮಳೆಗೆ ನೆಲತಾಳೆಯ ಹಳದಿ ನಕ್ಷತ್ರ. ಆಮೇಲೆ ಒಂದೆಲೆ ಸೀತಾಳೆ. ಮಣ್ಣಿನಲ್ಲಿ ಸಿಗದ ಸತ್ವವನ್ನು ಹುಳ ಹಿಡಿದು ಪಡೆಯುವ ಕೀಟಾಹಾರಿ ಗಿಡಗಳು, ಮೈಯೆಲ್ಲ ಕೆಂಪು ಅಂಟು ಹನಿ. ಆಗಸ್ಟ್ ಸೆಪ್ಟೆಂಬರ್‌ಗೆ ಒಂದೆಲೆ ಸೀತಾಳೆಯ ಬಳಗದ ಬೇರೆ ನೆಲದ ಆರ್ಕಿಡ್‌ಗಳ ಸರದಿ. ಅದರಲ್ಲಿ ಒಂದರ ದಂಟಿನಲ್ಲಿ ಹೂವುಗಳು ಬ್ರಷ್ಷಿನ ಹಲ್ಲಿನ ಹಾಗೆ ಒಂದೇ ಬದಿಗೆ ಸಾಲಾಗಿರುತ್ತವೆ. ಇನ್ನೂ ಎತ್ತರದಲ್ಲಿ, ಬಾಬಾಬುಡನ್‌ಗಿರಿಯಂಥ ಬೆಟ್ಟಗಳ ಹುಲ್ಲಿನಲ್ಲಿ, ಸ್ಯಾಟಿರಿಯಂ ಎಂಬ ಗುಲಾಬಿ ಬಣ್ಣದ ನೆಲದ ಆರ್ಕಿಡ್ ಇದೆ. ಅವುಗಳ ಬಗ್ಗೆ ಇನ್ನೊಮ್ಮೆ ಮಾತಾಡೋಣ.

ಬ್ಯಾಣ ಹೀಗೆ ಉಳಿದಿರುವುದರಲ್ಲಿ ನಿಮ್ಮ ಅಜ್ಜಂದಿರ ಪಾಲಿದೆ. ಮಳೆಗಾಲದಲ್ಲಿ ಬ್ಯಾಣಕ್ಕೆ ದನ ಬಿಡುತ್ತಿರಲಿಲ್ಲ, ಹುಲ್ಲು ಬೆಳೆಯಲಿ ಅಂತ. ಬೇಲಿ ಕಟ್ಟುತ್ತಿದ್ದರು. ಆ ಹೊತ್ತಿಗೆ ಒಂದೆಲೆ ಸೀತಾಳೆ ತನ್ನ ಎಲೆ, ಹೂವು, ಕಾಯಿ ಎಲ್ಲ ಮುಗಿಸಿಕೊಳ್ಳುತ್ತಿತ್ತು. ಮಳೆ ಹೋಗಿ ಹುಲ್ಲು ಬಲಿತ ಮೇಲೆ ಕರಡ ಕೊಯ್ಯುತ್ತಿದ್ದರು. ಆಗ ಗಿಡ ಮಣ್ಣೊಳಗೆ, ಕತ್ತಿ ತಾಗುವುದಿಲ್ಲ. ಕೊಯ್ದ ಮೇಲೆ ದನ ಬಿಡುತ್ತಿದ್ದರು, ಆಗಲೂ ಅದು ಮಣ್ಣೊಳಗೆ. ಬೇಸಿಗೆಯಲ್ಲಿ ಒಮ್ಮೊಮ್ಮೆ ಬೆಂಕಿ ಓಡಿದರೂ ಹುಲ್ಲಿನ ಬೆಂಕಿ ಮೇಲ್ಮೇಲೆ ಹೋಗುತ್ತದೆ. ವರ್ಷ ವರ್ಷ ಕೊಯ್ದದ್ದರಿಂದ ಪೊದೆ ಮೇಲೇಳಲಿಲ್ಲ, ನೆಲಕ್ಕೆ ಬಿಸಿಲು ಬಿತ್ತು. ಯಾರೂ ಆರ್ಕಿಡ್ ಉಳಿಸಬೇಕೆಂದು ಮಾಡಿದ್ದಲ್ಲ. ಕೊಟ್ಟಿಗೆಗೆ ಹುಲ್ಲು ಬೇಕಿತ್ತು. ಆದರೆ ಇಬ್ಬರ ಪಂಚಾಂಗವೂ ಒಂದಕ್ಕೊಂದು ಹೊಂದಿಕೊಂಡಿತ್ತು.

ಈಗ ನನ್ನ ಸ್ವಂತ ಅನುಭವ ಒಂದನ್ನು ಹೇಳುತ್ತೇನೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಜುಲೈ ಮೊದಲ ವಾರ, ವನಮಹೋತ್ಸವ. ನಮ್ಮನ್ನೆಲ್ಲ ಸಾಲಾಗಿ ಊರ ಹೊರಗಿನ ಬ್ಯಾಣಕ್ಕೆ ಕರೆದುಕೊಂಡು ಹೋದರು. ಜಾಗ ಬೋಳಾಗಿದೆ, ಹಸಿರು ಮಾಡೋಣ ಎಂದು ಹೇಳಿದರು. ಲಾರಿಯಲ್ಲಿ ಅಕೇಶಿಯಾ ಸಸಿ ಬಂದಿತ್ತು, ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ. ನಾನು ಮತ್ತು ನನ್ನ ಗೆಳೆಯ ಸೇರಿ ಹನ್ನೊಂದು ಗುಂಡಿ ತೋಡಿದೆವು. ಮಳೆ ಸಣ್ಣಗೆ ಹನಿಯುತ್ತಿತ್ತು. ಒಂದು ಗುಂಡಿಯಲ್ಲಿ ಗುದ್ದಲಿಗೆ ಎರಡು ಸಣ್ಣ ಗೆಡ್ಡೆ ಸಿಕ್ಕಿ ಬಂದವು. ಒಂದು ಬಿಳಿ, ಒಂದು ಸುಕ್ಕು. ಮೇಲೆ ಒಂದು ದುಂಡನೆ ಎಲೆ, ಒಂದು ಬಿಳಿ ಹೂವು. ಚಂದ ಇದೆಯಲ್ಲ ಎಂದು ಹೂವನ್ನು ಕಿತ್ತು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡೆ. ಗೆಡ್ಡೆಯನ್ನು ಎಸೆದೆ. ಸಸಿ ನೆಟ್ಟೆ. ಆಮೇಲೆ ಎಲ್ಲರಿಗೂ ಅವಲಕ್ಕಿ ಕೊಟ್ಟರು.

ಆ ಗಿಡದ ಹೆಸರು ನನಗೆ ಗೊತ್ತಾಗಲು ಹದಿನಾಲ್ಕು ವರ್ಷ ಹಿಡಿಯಿತು. ಗೊತ್ತಾದ ವರ್ಷ ಜುಲೈನಲ್ಲಿ ಅದೇ ಬ್ಯಾಣಕ್ಕೆ ಹೋದೆ. ಅಕೇಶಿಯಾ ಎತ್ತರವಾಗಿ ಬೆಳೆದು ನಿಂತಿತ್ತು. ನೆಲದ ಮೇಲೆ ಬಿದ್ದ ಎಲೆ ಕಾಲು ಹೂತುಹೋಗುವಷ್ಟು ದಪ್ಪ. ಅದು ಬೇಗ ಕೊಳೆಯುವುದಿಲ್ಲ, ನಿಮಗೆ ಗೊತ್ತೇ ಇದೆ. ಹುಲ್ಲು ಇರಲಿಲ್ಲ. ನೆಲತಾಳೆ ಇರಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೋಲಿನಿಂದ ಎಲೆ ಸರಿಸಿ ಸರಿಸಿ ಹುಡುಕಿದೆ. ಒಂದೂ ಸಿಗಲಿಲ್ಲ. ಆ ದಿನದ ಬೇಸರ ನನಗೆ ಇನ್ನೂ ಹೋಗಿಲ್ಲ. ಅದಕ್ಕೇ ಕರೆದ ಕಡೆಗೆಲ್ಲ ಹೋಗಿ ಈ ಮಾತು ಹೇಳುತ್ತಿದ್ದೇನೆ.

ವನಮಹೋತ್ಸವ ಶುರುವಾದದ್ದು 1950ರಲ್ಲಿ. ಆಗ ಕೇಂದ್ರದಲ್ಲಿ ಕೃಷಿ ಮತ್ತು ಆಹಾರ ಮಂತ್ರಿಯಾಗಿದ್ದ ಕೆ.ಎಂ. ಮುನ್ಷಿ ಅದನ್ನು ಆರಂಭಿಸಿದರು. ಆಸೆ ಒಳ್ಳೆಯದೇ ಇತ್ತು. ಮರ ನೆಡುವುದನ್ನು ನಾನು ವಿರೋಧಿಸುವುದಿಲ್ಲ, ನಮ್ಮ ಮನೆಯ ಸುತ್ತ ನಾನೇ ನೆಟ್ಟ ಮುರುಗಲು, ಹೊನ್ನೆ ಇವೆ. ಆದರೆ ಜುಲೈ ಮೊದಲ ವಾರ ಅಂದರೆ ಆರಿದ್ರಾ ಮಳೆ. ಒಂದೆಲೆ ಸೀತಾಳೆ ಹೂಬಿಟ್ಟು ನಿಂತಿರುವ ವಾರ. ಅದೇ ವಾರ ಗುದ್ದಲಿ ಹಿಡಿದು ನಾವು ಹೋಗುವುದು ಅದೇ ಜಾಗಕ್ಕೆ. ಏಕೆಂದರೆ ಮರ ಇಲ್ಲದ ಜಾಗ ನಮ್ಮ ಕಣ್ಣಿಗೆ ಖಾಲಿ ಜಾಗ. ಕಾನು, ಅಂದರೆ ದಟ್ಟ ಕಾಡು, ಕಡಿದರೆ ಊರೇ ಎದ್ದು ನಿಲ್ಲುತ್ತದೆ. ಬ್ಯಾಣಕ್ಕೆ ಜೆಸಿಬಿ ಇಳಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಸರ್ಕಾರದ ಕಾಗದದಲ್ಲೂ ಹೀಗೇ ಇದೆ. ದೇಶದ ಪಾಳು ಭೂಮಿಯ ನಕ್ಷೆ ಅಂತ ಒಂದಿದೆ. ಕುರುಚಲು ನೆಲ, ಕಲ್ಲು ನೆಲ, ಸೊರಗಿದ ಗೋಮಾಳ ಎಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಪಾಳು ಎಂದು ಒಮ್ಮೆ ಬರೆದ ಮೇಲೆ ಅಲ್ಲಿ ನೆಡುತೋಪು ಬರಬಹುದು, ಸೋಲಾರ್ ಬರಬಹುದು, ಲೇಔಟ್ ಬರಬಹುದು. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಹುಲ್ಲುಗಾವಲನ್ನು ಕಾಪಾಡಿ ಎಂದು ಪಕ್ಷಿ ವೀಕ್ಷಕರು, ಪರಿಸರದವರು ವರ್ಷಗಟ್ಟಲೆ ಓಡಾಡಿದರು. ಐದು ಸಾವಿರ ಎಕರೆಗೂ ಮೀರಿದ ಆ ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ. ಹುಲ್ಲುಗಾವಲೂ ಕಾಪಾಡಬೇಕಾದ ಜಾಗವೇ ಎಂದು ಒಪ್ಪಿಸಲು ಅಷ್ಟು ಹೊತ್ತು ಬೇಕಾಯಿತು. ನಿಮ್ಮ ಬ್ಯಾಣಕ್ಕೆ ಅಂಥ ಯಾವ ಮೀಸಲೂ ಇಲ್ಲ. ಅದಕ್ಕಿರುವುದು ನೀವು ಮಾತ್ರ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಮುಖ್ಯವಾದವನ್ನು ಇಲ್ಲಿ ಬರೆಯುತ್ತೇನೆ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಕ್ಕ, "ಬ್ಯಾಣ ಹೋದರೆ ಹೋಗಲಿ, ಗಿಡ ಉಳಿಯಲಿ. ಗೆಡ್ಡೆ ತಂದು ಪಾಟಿನಲ್ಲಿ ಹಾಕಬಹುದಾ?" ಎಂದು ಕೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಬದುಕುವುದಿಲ್ಲ ಅಕ್ಕ. ಒಂದು ವರ್ಷ ಹಳೆಯ ಗೆಡ್ಡೆಯ ಬಲದಲ್ಲಿ ಎಲೆ ಬಿಡಬಹುದು, ಹೂವನ್ನೂ ಬಿಡಬಹುದು. ಆಗ ನಮಗೆ ಗೆದ್ದೆವು ಅನ್ನಿಸುತ್ತದೆ. ಎರಡನೇ ವರ್ಷ, ಮೂರನೇ ವರ್ಷ ಗೆಡ್ಡೆ ಸಣ್ಣದಾಗುತ್ತಾ ಹೋಗಿ ಕೊಳೆಯುತ್ತದೆ. ಗೊಬ್ಬರ ಹಾಕಿದ ಮಣ್ಣು ಅದಕ್ಕೆ ಒಗ್ಗುವುದಿಲ್ಲ, ನಾವು ದಿನಾ ಹಾಕುವ ನೀರಂತೂ ವಿಷ. ಆರ್ಕಿಡ್ ಬೆಳೆಸಬೇಕೆಂಬ ಆಸೆ ಇದ್ದರೆ ನರ್ಸರಿಯಲ್ಲಿ ಡೆಂಡ್ರೋಬಿಯಂ, ಫೆಲೆನಾಪ್ಸಿಸ್ ಸಿಗುತ್ತವೆ. ಅವು ಪ್ರಯೋಗಾಲಯದ ಬಾಟಲಿಯಲ್ಲಿ ಮೊಳೆತವು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಹಾಕಿದ ಅಗರ್ ಎಂಬ ಲೋಳೆಯಂಥ ಪದಾರ್ಥದ ಮೇಲೆ ಶಿಲೀಂಧ್ರವಿಲ್ಲದೆಯೇ ಆರ್ಕಿಡ್ ಬೀಜ ಮೊಳೆಸಿ ತೋರಿಸಿದ ಮೇಲೆ ಅದು ಸಾಧ್ಯವಾಯಿತು. ಆ ಗಿಡಗಳನ್ನು ಧಾರಾಳವಾಗಿ ತನ್ನಿ. ಕಾಡಿನದನ್ನು ಕೀಳಬೇಡಿ.

ಇನ್ನೊಬ್ಬರು ಔಷಧಿಯ ಬಗ್ಗೆ ಕೇಳಿದರು. ಆಯುರ್ವೇದದಲ್ಲಿ ಅಷ್ಟವರ್ಗ ಎಂಬ ಎಂಟು ಮೂಲಿಕೆಗಳ ಗುಂಪಿನಲ್ಲಿ ಬರುವ ಋದ್ಧಿ, ವೃದ್ಧಿ ಎಂಬವು ಹಿಮಾಲಯದ ಇದೇ ಗುಂಪಿನ ಆರ್ಕಿಡ್‌ಗಳ ಗೆಡ್ಡೆ. ಅಗೆದೂ ಅಗೆದೂ ಅಲ್ಲಿ ಅವು ಅಪರೂಪ ಆಗಿವೆ. ಯಾರಾದರೂ ಬಂದು ಇಲ್ಲಿಯ ಗೆಡ್ಡೆಗೂ ಕಿಲೋಗೆ ಇಷ್ಟು ಅಂತ ದುಡ್ಡು ಕೊಡುತ್ತೇವೆ ಎಂದರೆ ದಯವಿಟ್ಟು ಒಪ್ಪಬೇಡಿ. ಶೇಂಗಾ ಬೀಜದಷ್ಟಿನ ಗೆಡ್ಡೆ ಕಿಲೋ ಆಗಬೇಕಾದರೆ ಎಷ್ಟು ಗಿಡ ಸಾಯಬೇಕು, ನೀವೇ ಲೆಕ್ಕ ಹಾಕಿ.

ಶಾಲೆಯ ಒಬ್ಬ ಮೇಷ್ಟ್ರು ನೇರವಾಗಿ ಕೇಳಿದರು. "ಈ ವರ್ಷವೂ ವನಮಹೋತ್ಸವ ಮಾಡಲೇಬೇಕು, ಸಸಿ ಬರುತ್ತದೆ. ಎಲ್ಲಿ ನೆಡೋಣ?" ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ರಸ್ತೆಯ ಬದಿ ಇದೆ, ಶಾಲೆಯ ಕಾಂಪೌಂಡ್ ಇದೆ, ಕೆರೆ ಏರಿಯ ಕೆಳಗೆ ಜಾಗ ಇದೆ, ಹಿಂದೆ ಕಾಡಿದ್ದು ಕಡಿದುಹೋದ ಹಕ್ಕಲು ಇದೆ. ಅಲ್ಲಿ ಹಲಸು, ನೇರಳೆ, ಮುರುಗಲು ನೆಡಿ. ಬ್ಯಾಣ ಬಿಡಿ. ಅಲ್ಲಿಗೆ ಮಕ್ಕಳನ್ನು ಗುದ್ದಲಿ ಇಲ್ಲದೆ ಕರೆದುಕೊಂಡು ಹೋಗಿ. ಕೈಯಲ್ಲಿ ಒಂದು ನೋಟ್‌ಬುಕ್ ಸಾಕು. ಎಷ್ಟು ಎಲೆ, ಎಷ್ಟು ಹೂವು, ಯಾವ ತಾರೀಕು. ಐದು ವರ್ಷ ಬರೆದಿಟ್ಟರೆ ನಿಮ್ಮ ಊರಿನ ಬ್ಯಾಣದ ಬಗ್ಗೆ ಎಲ್ಲೂ ಇಲ್ಲದ ಲೆಕ್ಕ ನಿಮ್ಮ ಶಾಲೆಯಲ್ಲಿರುತ್ತದೆ.

ಮೇಷ್ಟ್ರು ಅಲ್ಲೇ ಒಪ್ಪಿದರು. ಶಾಲೆಯ ಹಿಂದಿನ ಗುಡ್ಡದಲ್ಲಿ ಬ್ಯಾಣ ಇರುವ ಒಬ್ಬರು ಹಿರಿಯರು ಎದ್ದು ನಿಂತು, ಬೇಲಿಗೆ ಕೀಲಿ ಹಾಕಿಲ್ಲ, ಯಾವಾಗ ಬೇಕಾದರೂ ಬನ್ನಿ ಅಂದರು.

ಹಾಗಾಗಿ ಜುಲೈ ಮೊದಲ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಶಾಲೆಯ ಗೇಟಿನ ಹತ್ತಿರ ಸೇರುತ್ತೇವೆ. ಮಳೆ ಇದ್ದೇ ಇರುತ್ತದೆ, ಕೊಡೆ ಬೇಡ, ಕೊಪ್ಪೆ ಅಥವಾ ರೇನ್‌ಕೋಟ್ ತನ್ನಿ. ಕೊಡೆ ಹಿಡಿದರೆ ಬಗ್ಗಿ ನೋಡಲು ಆಗುವುದಿಲ್ಲ. ಕಾನಿನ ಅಂಚಿನಲ್ಲಿ ಉಂಬಳ (ಜಿಗಣೆ) ಜಾಸ್ತಿ, ಒಂದು ಪೊಟ್ಟಣ ಸುಣ್ಣ ಇರಲಿ. ಬ್ಯಾಣದ ಒಳಗೆ ಸಾಲಾಗಿ, ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಟ್ಟು ನಡೆಯೋಣ. ಎಲೆ ಎಲ್ಲಿದೆ ಅಂತ ಮೊದಲು ಕಾಣುವುದು ಸಣ್ಣ ಮಕ್ಕಳಿಗೇ. ಅವರನ್ನು ಮುಂದೆ ಬಿಡಿ.